ಓಪನ್‌ಸ್ಟ್ಯಾಕ್ ವಿಎಂಗಳಿಗೆ (ವರ್ಚುವಲ್ ಮೆಷಿನ್) ಹೊರಗಿನ ಡಿಎಚ್‌ಸಿಪಿ: ಮಾಡಿದವರು ಯಾರಾದ್ರೂ ಇದ್ದೀರಾ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಎಲ್ಲ ಮೆಷಿನ್‌ಗಳಿಗೂ ಐಪಿ ಕೊಡುವುದು ಒಂದು ಕೆಯಾ ಸರ್ವರ್ (ಡಿಎಚ್‌ಸಿಪಿ, ಅಂದ್ರೆ ತಾನಾಗೇ ಐಪಿ ಹಂಚುವ ಸಾಫ್ಟ್‌ವೇರ್). ಈಗ ನಮ್ಮದೇ ಕ್ಲೌಡ್ ನಡೆಸಲು ಓಪನ್‌ಸ್ಟ್ಯಾಕ್ ಬಂದಿದೆ. ವಿಎಲ್ಯಾನ್ ಪ್ರೊವೈಡರ್ ನೆಟ್‌ವರ್ಕ್ (ವಿಎಂಗಳು ನೇರವಾಗಿ ಆಫೀಸಿನ ವಿಎಲ್ಯಾನ್‌ಗೇ ಸೇರುವಂಥದ್ದು), ವಿಎಂಗಳಿಗೂ ಕೆಯಾದಿಂದಲೇ ಐಪಿ ಹೋಗಬೇಕಂತೆ. ಸಬ್‌ನೆಟ್‌ನಲ್ಲಿ ಡಿಎಚ್‌ಸಿಪಿ ಆಫ್ ಮಾಡಿದರೆ ಸಾಕಲ್ವಾ?

ಉತ್ತರ: ಸಾಲದು ಸರ್. ಆಫ್ ಮಾಡಿದರೆ ಆ ಸಬ್‌ನೆಟ್‌ಗೆ ನ್ಯೂಟ್ರಾನ್ (ಓಪನ್‌ಸ್ಟ್ಯಾಕ್‌ನ ನೆಟ್‌ವರ್ಕ್ ಭಾಗ) ಕಡೆಯಿಂದ ಡಿಎಚ್‌ಸಿಪಿ ಉತ್ತರ ಹೋಗುವುದಿಲ್ಲ, ಅಷ್ಟೇ. ಪ್ರತಿ ಪೋರ್ಟ್‌ಗೂ (ವಿಎಂ ನೆಟ್‌ವರ್ಕ್‌ಗೆ ಸೇರುವ ಜಾಗ) ನ್ಯೂಟ್ರಾನ್ ತನ್ನ ಪೂಲ್‌ನಿಂದ ಒಂದು ಐಪಿ ತೆಗೆದು ಡೇಟಾಬೇಸ್‌ಗೆ ಬರೆದುಕೊಳ್ಳುವುದು ಹಾಗೇ ನಡೆಯುತ್ತದೆ. ಕೆಯಾ ಇನ್ನೊಂದು ಐಪಿ ಕೊಟ್ಟರೆ ವಿಎಂ ಅದನ್ನೇ ಹಾಕಿಕೊಳ್ಳುತ್ತದೆ, ಆದರೆ ಪಿಂಗ್ ಕೂಡ ಹೋಗಲ್ಲ. ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ವಿಳಾಸ) ಮತ್ತು ಐಪಿ ತನ್ನ ಲೆಕ್ಕಕ್ಕೆ ತಾಳೆಯಾಗದಿದ್ದರೆ ನ್ಯೂಟ್ರಾನ್‌ನ ಪೋರ್ಟ್ ಸೆಕ್ಯುರಿಟಿ ಆ ಪ್ಯಾಕೆಟನ್ನು ಸುಮ್ನೆ ಬಿಸಾಡುತ್ತದೆ. ವಿಎಂ ಒಳಗೆ ಕೂತು ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ, ಅದೇ ತಲೆನೋವು.

ನಾವು ಐಪಿ ಆರಿಸುವ ಕೆಲಸವನ್ನು ನ್ಯೂಟ್ರಾನ್‌ಗೇ ಬಿಟ್ಟಿದ್ದೇವೆ. ಸ್ಕ್ರಿಪ್ಟ್ ಮೊದಲು ಪೋರ್ಟ್ ಮಾಡುತ್ತದೆ, ಅದರ ಮ್ಯಾಕ್-ಐಪಿಯನ್ನು ಕೆಯಾದಲ್ಲಿ ರಿಸರ್ವೇಶನ್ ಮಾಡುತ್ತದೆ (ಈ ಮ್ಯಾಕ್‌ಗೆ ಇದೇ ಐಪಿ ಅಂತ ಬರೆದಿಡುವುದು), ಆಮೇಲೆ ಆ ಪೋರ್ಟ್ ಕೊಟ್ಟು ವಿಎಂ ಎಬ್ಬಿಸುತ್ತದೆ. ರಿಸರ್ವೇಶನ್‌ಗಳನ್ನು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇಟ್ಟರೆ ಪ್ರತಿ ಸಲ ಕಾನ್ಫಿಗ್ ಫೈಲ್ ಮುಟ್ಟುವ ಕೆಲಸವಿಲ್ಲ. ಆ ಸಬ್‌ನೆಟ್‌ಗೆ ಕೆಯಾದಲ್ಲಿ ಡೈನಾಮಿಕ್ ಪೂಲ್ (ಯಾರು ಕೇಳಿದರೂ ಕೊಡುವ ಐಪಿಗಳ ಗುಂಪು) ಇಡಲೇಬೇಡಿ. ವಿಎಂ ಅಳಿಸಿದಾಗ ರಿಸರ್ವೇಶನ್ ಕೂಡ ಅಳಿಸಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಮತ್ತೊಬ್ಬರು: ಕೆಯಾವನ್ನೇ ಒಂದು ವಿಎಂನಲ್ಲಿ ಇಡುವ ಯೋಚನೆ ಇದ್ದರೆ ಒಂದು ಮಾತು. ವಿಎಂನಿಂದ ಯುಡಿಪಿ 67ನೇ ಪೋರ್ಟ್ ನಂಬರಿನ ಡಿಎಚ್‌ಸಿಪಿ ಉತ್ತರ ಹೊರಡದಂತೆ ನ್ಯೂಟ್ರಾನ್ ತಾನೇ ತಡೆ ಹಾಕಿರುತ್ತದೆ. ಸೆಕ್ಯುರಿಟಿ ಗ್ರೂಪ್‌ನಲ್ಲಿ (ವಿಎಂನ ಫೈರ್‌ವಾಲ್ ರೂಲ್‌ಗಳ ಗುಂಪು) ಎಷ್ಟು ರೂಲ್ ಸೇರಿಸಿದರೂ ಆ ತಡೆ ಹೋಗಲ್ಲ. ಕೆಯಾ ವಿಎಂನ ಆ ಒಂದು ನ್ಯೂಟ್ರಾನ್ ಪೋರ್ಟ್‌ನಿಂದ ಸೆಕ್ಯುರಿಟಿ ಗ್ರೂಪ್ ತೆಗೆದು, ಪೋರ್ಟ್ ಸೆಕ್ಯುರಿಟಿ ಆಫ್ ಮಾಡಬೇಕು. ಇಡೀ ನೆಟ್‌ವರ್ಕ್‌ಗೆ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಕೇಳಿದವರು: ರಿಸರ್ವೇಶನ್ ಮಾಡಿದೆ, ಐಪಿ ಬಂತು, ಪಿಂಗ್ ಕೂಡ ಆಗ್ತಿದೆ. ಆದರೆ ಎಸ್‌ಎಸ್‌ಎಚ್ ಕೀ ವಿಎಂ ಒಳಗೆ ಬಂದಿಲ್ಲ. ಲಾಗಿನ್ ಆಗಲ್ಲ.

ಉತ್ತರ: ನ್ಯೂಟ್ರಾನ್ ರೂಟರ್ ಇಲ್ಲದ ನೆಟ್‌ವರ್ಕ್‌ನಲ್ಲಿ 169.254.169.254ಕ್ಕೆ (ವಿಎಂಗೆ ಕೀಯಂಥ ಮೆಟಾಡೇಟಾ ಸಿಗುವ ವಿಳಾಸ) ದಾರಿ ಹೇಳುತ್ತಿದ್ದದ್ದು ನ್ಯೂಟ್ರಾನ್‌ನ ಡಿಎಚ್‌ಸಿಪಿಯೇ, 121ನೇ ಆಪ್ಷನ್ ಮೂಲಕ. ಈಗ ಅದಿಲ್ಲ, ಕ್ಲೌಡ್-ಇನಿಟ್‌ಗೆ (ಬೂಟ್ ಆಗುವಾಗ ವಿಎಂ ಒಳಗೆ ಕೀ ಹಾಕುವ ಪ್ರೋಗ್ರಾಂ) ಮೆಟಾಡೇಟಾ ಸಿಗುತ್ತಿಲ್ಲ. ವಿಎಂ ಮಾಡುವಾಗ ಕಾನ್ಫಿಗ್ ಡ್ರೈವ್ ಆನ್ ಮಾಡಿ. ಕೀ ಡಿಸ್ಕ್ ರೂಪದಲ್ಲೇ ಹೋಗುತ್ತದೆ, ನೆಟ್‌ವರ್ಕ್ ಬೇಕಿಲ್ಲ. ಹಳೆಯ ವಿಎಂ ಅಳಿಸಿ ಹೊಸದು ಮಾಡಿ ನೋಡಿ.

ಇನ್ನೊಬ್ಬರು: ಇದನ್ನೇ ಎಡಬ್ಲ್ಯೂಎಸ್‌ನಲ್ಲಿ (ಅಮೆಜಾನ್‌ನ ಕ್ಲೌಡ್) ಮಾಡಲು ಹೊರಡಬೇಡಿ. ವಿಪಿಸಿಯಲ್ಲಿ (ಅಲ್ಲಿನ ಖಾಸಗಿ ನೆಟ್‌ವರ್ಕ್) ಬ್ರಾಡ್‌ಕಾಸ್ಟ್ ಇಲ್ಲ, ಡಿಎಚ್‌ಸಿಪಿ ಶುರುವಾಗುವುದೇ ಅದರಿಂದ. ಡಿಎನ್‌ಎಸ್, ಎನ್‌ಟಿಪಿ, ಡೊಮೇನ್ ಹೆಸರಿನಂಥ ಆಪ್ಷನ್‌ಗಳನ್ನು ಬದಲಿಸಬಹುದು, ಐಪಿ ಕೊಡುವ ಕೆಲಸ ಮಾತ್ರ ಎಡಬ್ಲ್ಯೂಎಸ್‌ನದೇ.