ಥೈರಾಯ್ಡ್ ಮಾತ್ರೆ 100 ಆದರೂ ಟಿಎಸ್‌ಎಚ್ 14: ಡೋಸ್ ಏರಿಸೋದಾ, ಕಾಫಿ ತಡ ಮಾಡೋದಾ?

ತುಮಕೂರು ಮಗಳು (ಪ್ರಶ್ನೆ)
ಅಮ್ಮನಿಗೆ 58, ತೂಕ 62 ಕೆಜಿ. ಹಾಶಿಮೊಟೊ (ದೇಹವೇ ಥೈರಾಯ್ಡ್ ಗ್ರಂಥಿಯನ್ನು ಹಾಳುಮಾಡೋ ಕಾಯಿಲೆ). ಥೈರಾಯ್ಡ್ ಮಾತ್ರೆ ಲೆವೊಥೈರಾಕ್ಸಿನ್ 75 ಮೈಕ್ರೋಗ್ರಾಂ ಇದ್ದದ್ದು 100 ಆಗಿ ಮೂರು ತಿಂಗಳಾಯ್ತು, ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಾಗ ರಕ್ತದಲ್ಲಿ ಏರೋದು) ಇನ್ನೂ 14. ಈಗ 125 ಬರೆದುಕೊಟ್ಟಿದ್ದಾರೆ. ಬೆಳಗ್ಗೆ 6ಕ್ಕೆ ಮಾತ್ರೆ, 6:15ಕ್ಕೆ ಫಿಲ್ಟರ್ ಕಾಫಿ, ಜೊತೆಗೇ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್ 40. 8ಕ್ಕೆ ತಿಂಡಿ, ಆಮೇಲೆ ಕ್ಯಾಲ್ಸಿಯಂ 500. 125 ಶುರು ಮಾಡೋದಾ, ಇಲ್ಲಾ ಹೊತ್ತು ಸರಿಮಾಡಿ ನೋಡೋದಾ? ಅನುಭವ ಇದ್ದವರು ಹೇಳಿ.

ಹಾಸನದ ಫಾರ್ಮಸಿಸ್ಟ್
ಲೆಕ್ಕ ಹಾಕಿ. ಕೆಜಿಗೆ 1.6 ಮೈಕ್ರೋಗ್ರಾಂ, 62 ಕೆಜಿಗೆ 99. ಗ್ರಂಥಿ ಪೂರ್ತಿ ನಿಂತುಹೋದವರಿಗೆ ಕೊಡುವ ಪ್ರಮಾಣವೇ ಅದು. ಅಷ್ಟು ನುಂಗಿಯೂ 14 ಅಂದರೆ ಮಾತ್ರೆ ಕಡಿಮೆಯಾಗಿದೆ ಅನ್ನೋದಕ್ಕಿಂತ ರಕ್ತಕ್ಕೆ ಸೇರುತ್ತಿಲ್ಲ ಅನ್ನೋ ಅನುಮಾನ ಮೊದಲು ಬರಬೇಕು.

ಈ ಮಾತ್ರೆ ಜಠರದ ಆಮ್ಲದಲ್ಲಿ ಕರಗಿ ಸಣ್ಣ ಕರುಳಲ್ಲಿ ಹೀರಲ್ಪಡಬೇಕು. ಖಾಲಿ ಹೊಟ್ಟೆಯಲ್ಲೇ ಸೇರೋದು ಶೇ. 60ರಿಂದ 80. ಕಾಲು ಗಂಟೆಗೆ ಡಿಕಾಕ್ಷನ್ ಬಿದ್ದರೆ ಇನ್ನೂ ಇಳಿಯುತ್ತೆ. 2008ರಲ್ಲಿ ಇಟಲಿಯವರು ಹಾಲಿಲ್ಲದ ಎಸ್ಪ್ರೆಸೊದಲ್ಲೇ ಇದನ್ನು ತೋರಿಸಿದ್ದಾರೆ, ಹಾಗಾಗಿ "ಕಪ್ಪು ಕಾಫಿ ಪರವಾಗಿಲ್ಲ" ಅನ್ನೋರ ಮಾತು ಕೇಳಬೇಡಿ. ಕ್ಯಾಲ್ಸಿಯಂಗೆ ಎರಡು ಗಂಟೆ ಬಿಟ್ಟಿದ್ದೀರಿ, ಬೇಕಾದದ್ದು ನಾಲ್ಕು. ಕರುಳಲ್ಲೇ ಮಾತ್ರೆಯನ್ನು ಅಂಟಿಸಿಕೊಂಡು ಮಲದ ಜೊತೆ ಹೊರಗೆ ಒಯ್ಯುತ್ತೆ. ಕಬ್ಬಿಣದ ಮಾತ್ರೆಗೂ ಅದೇ ನಾಲ್ಕು ಗಂಟೆ.

5:45ಕ್ಕೆ ಒಂದು ಲೋಟ ಬರೀ ನೀರಲ್ಲಿ ಮಾತ್ರೆ. 6:45ರ ತನಕ ಏನೂ ಬೇಡ. ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ. ಈ ಬದಲಾವಣೆಯನ್ನು ಡಾಕ್ಟರಿಗೆ ಹೇಳಿ, 100ರಲ್ಲೇ 6ರಿಂದ 8 ವಾರ ನೋಡಬಹುದಾ ಅಂತ ಕೇಳಿ. ಹೊತ್ತೂ ಡೋಸೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಯಾರಿಗೂ ಗೊತ್ತಾಗಲ್ಲ.

ರಾತ್ರಿ ಮಾತ್ರೆ ಪಕ್ಷ
ಬೆಳಗಿನ ಈ ಸರ್ಕಸ್ಸೇ ಯಾಕೆ? ರಾತ್ರಿ ತಗೊಳ್ಳಿ. 7:30ಕ್ಕೆ ಊಟ, 10:30ಕ್ಕೆ ಮಾತ್ರೆ, ಮಲಗಿ. 2010ರಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ಒಬ್ಬೊಬ್ಬರಿಗೂ ಮೂರು ತಿಂಗಳು ಬೆಳಗ್ಗೆ, ಮೂರು ತಿಂಗಳು ರಾತ್ರಿ ಕೊಟ್ಟು ನೋಡಿದರು. ರಾತ್ರಿ ಡೋಸಿನಲ್ಲಿ ಟಿಎಸ್‌ಎಚ್ ಸರಾಸರಿ 1.25 ಕೆಳಗೆ. ನಮ್ಮ ಮನೇಲಿ ಮೂರು ಜನ ರಾತ್ರಿಯೇ. ಬೆಳಗ್ಗೆ ಎದ್ದ ತಕ್ಷಣ ಕಾಫಿ ಕುಡಿಯೋ ಸ್ವಾತಂತ್ರ್ಯ ಇದೆ. ಈ ಫಾರ್ಮಸಿಸ್ಟ್ ಸಾಹೇಬರಿಗೆ ಗಡಿಯಾರ ಇಟ್ಟು ಜನರನ್ನ ಹೆದರಿಸೋದೇ ಖುಷಿ.

ಹಾಸನದ ಫಾರ್ಮಸಿಸ್ಟ್
ಅದೇ ಪ್ರಯೋಗದಲ್ಲಿ ಜನರಿಗೆ ಅನಿಸಿದ ಆರೋಗ್ಯದಲ್ಲಿ, ಸುಸ್ತಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಬರೆಯಿರಿ ಸ್ವಾಮಿ. ಇನ್ನು 7:30ಕ್ಕೆ ಊಟ ಮುಗಿಸೋ ಮನೆ ಎಷ್ಟಿವೆ? 9:30ಕ್ಕೆ ಉಂಡು 10:30ಕ್ಕೆ ನುಂಗಿದರೆ ತುಂಬಿದ ಹೊಟ್ಟೆಗೆ ಹಾಕಿದ ಹಾಗೆ. ಊಟಕ್ಕೂ ಮಾತ್ರೆಗೂ ಮೂರು ಗಂಟೆ ಇದ್ದರೆ ಮಾತ್ರ ನಿಮ್ಮ ವಿಧಾನ ಸರಿ. ಆಗ ಕ್ಯಾಲ್ಸಿಯಂ ರಾತ್ರಿಗೆ ಇಡೋ ಹಾಗಿಲ್ಲ, ಮಧ್ಯಾಹ್ನಕ್ಕೆ ತಳ್ಳಬೇಕು.

ಹುಬ್ಬಳ್ಳಿ ಅಕ್ಕ
ನಾ ಹೇಳೋದು ಕೇಳ್ರಿ. 58 ವರ್ಷದಾಕಿಗೆ ಚಾ-ಕಾಫಿ ತಡಾ ಮಾಡು ಅಂದ್ರ ನಾಲ್ಕ ದಿನ ಕೇಳ್ತಾಳ, ಐದನೇ ದಿನಾ ಮತ್ತ ಅದೇ ಹಾಡು. ಅದಕಿಂತ ಡೋಸ್ ಏರಿಸೂದ ಛಲೋ. ದಿನಾ ಒಂದೇ ಥರಾ ತಗೊಂಡ್ರ, ಎಷ್ಟು ಒಳಗ ಹೋಗ್ತದ ಅದು ಒಂದೇ ಥರಾ ಇರ್ತದ. ಅದಕ್ಕ ತಕ್ಕಂಗ ಡಾಕ್ಟರು ಡೋಸ್ ಕೂಡಸ್ತಾರ. ಈ ಗುಳಿಗಿ ರಕ್ತದಾಗ ಅರ್ಧಾ ಆಗಾಕ ಏಳು ದಿನಾ ಬೇಕು, ಒಂದು ದಿನಾ ಹಿಂದ-ಮುಂದ ಆದ್ರ ಆಕಾಶ ಏನೂ ಬೀಳೂದಿಲ್ಲ. 25ರ ಗುಳಿಗಿ ಬ್ಯಾರೆ ತಗೊಂಡು 100ಕ್ಕ ಕೂಡ್ಸೂದು ಬ್ಯಾಡ. ಎರಡು ಬಾಟ್ಲಿ, ಎರಡು ರೊಕ್ಕ, ಯಾವುದು ನುಂಗಿದ್ವಿ ಅನ್ನೂದ ಮರೀತದ. ಸೀದಾ 125ರ ಬಾಟ್ಲಿನ ತಗೋರಿ.

ಹಾಸನದ ಫಾರ್ಮಸಿಸ್ಟ್
ಅಕ್ಕಾ, ಏಳು ದಿನದ ಮಾತು ಸರಿ, ಅದನ್ನೇ ತಿರುಗಿಸಿ ನೋಡಿ. ನಾಳೆ ಯಾರೋ ಕಾಫಿ ಬಿಡಿ ಅಂದರು, ಗ್ಯಾಸ್ ಮಾತ್ರೆ ನಿಂತಿತು, ಕ್ಯಾಲ್ಸಿಯಂ ಕೋರ್ಸ್ ಮುಗೀತು. 125ರಲ್ಲಿ ರಕ್ತಕ್ಕೆ ಸೇರೋ ಪಾಲು ಸದ್ದಿಲ್ಲದೆ ಏರುತ್ತೆ. ಮುಟ್ಟು ನಿಂತ ಹೆಂಗಸರಲ್ಲಿ ಟಿಎಸ್‌ಎಚ್ 0.1ಕ್ಕಿಂತ ಕೆಳಗೇ ಉಳಿದರೆ ಮೂಳೆ ಸವೆಯುತ್ತೆ, ಎದೆಬಡಿತ ಏರುಪೇರಾಗುತ್ತೆ. ಮೂಳೆಗೆ ಅಂತ ಕ್ಯಾಲ್ಸಿಯಂ ಕೊಡ್ತಾ ಇರೋರಿಗೇ ಇದು ಆಗೋದು.

ಕುಡ್ಲದ ಲ್ಯಾಬ್
ಮಾರಾಯ್ರೆ, ಎಲ್ಲರೂ ಮಾತ್ರೆ ಮಾತ್ರೆ ಅಂತೀರಿ, ರಿಪೋರ್ಟ್ ಸರಿಯುಂಟಾ ನೋಡಿದ್ದೀರಾ? ಕೂದಲು ಉದುರ್ತದೆ ಅಂತ ಬಯೋಟಿನ್ ವಿಟಮಿನ್ 10 ಮಿಲಿಗ್ರಾಂ ತಗೊಳ್ಳುವವರು ರಾಶಿ ಇದ್ದಾರೆ. ಹಲವು ಯಂತ್ರಗಳ ಪರೀಕ್ಷೆ ಬಯೋಟಿನ್ ಹಿಡಿತದ ಮೇಲೆಯೇ ನಿಂತದ್ದು. ರಕ್ತದಲ್ಲಿ ಅದು ಹೆಚ್ಚಿದ್ದರೆ ಟಿಎಸ್‌ಎಚ್ ಸುಳ್ಳು ಕಡಿಮೆ, ಎಫ್‌ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಯ್ಡ್ ಹಾರ್ಮೋನ್) ಸುಳ್ಳು ಹೆಚ್ಚು. ಎರಡು ದಿನ ಮೊದಲೇ ನಿಲ್ಲಿಸಿ ಬನ್ನಿ.

ಇನ್ನೊಂದು, ರಕ್ತ ಕೊಡುವ ದಿನ ಮಾತ್ರೆ ನುಂಗಿ ಬರುವುದು ಬೇಡ. ನುಂಗಿದ 2ರಿಂದ 4 ಗಂಟೆಯಲ್ಲಿ ಎಫ್‌ಟಿ4 ಏರಿರ್ತದೆ. ರಕ್ತ ಕೊಟ್ಟ ಮೇಲೆ ನುಂಗಿ.

ರಾತ್ರಿ ಮಾತ್ರೆ ಪಕ್ಷ
ಇಲ್ಲಿ 14 ಅಂತ *ಹೆಚ್ಚು* ಬಂದಿದೆ ಸಾರ್. ಬಯೋಟಿನ್ ಇದ್ದಿದ್ದರೆ ಕಡಿಮೆ ಬರಬೇಕಿತ್ತು. ಪ್ರಶ್ನೆ ಓದಿ ಉತ್ತರ ಬರೆಯಿರಿ.

ಕುಡ್ಲದ ಲ್ಯಾಬ್
ಓದಿಯೇ ಬರೆದದ್ದು. ಇವತ್ತು 14. ಮುಂದಿನ ಸಲ ಬಯೋಟಿನ್ ಸೇರಿ 2 ಅಂತ ಬಂದರೆ "ಸರಿ ಆಯ್ತು" ಅಂತ ಕೂತ್ಕೊಳ್ತೀರಿ. ಮತ್ತೆ ಎಫ್‌ಟಿ4 ಮಾಡಿಸಿದ್ದಾರಾ ಇಲ್ವಾ? ಎಫ್‌ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ ಮೇಲಿದ್ದರೆ, ನಡುನಡುವೆ ಮಾತ್ರೆ ಬಿಟ್ಟು ಪರೀಕ್ಷೆ ಹತ್ತಿರ ಬಂದಾಗ ಸರಿಯಾಗಿ ನುಂಗಿದ್ದಾರಾ ಅಂತ ಸಂಶಯ ಬರ್ತದೆ. ಎಫ್‌ಟಿ4 ದಿನಗಳಲ್ಲಿ ಏರ್ತದೆ, ಪಿಟ್ಯೂಟರಿ ಗ್ರಂಥಿ ಬಿಡುವ ಟಿಎಸ್‌ಎಚ್ ಇಳಿಯಲಿಕ್ಕೆ ವಾರಗಳು ಬೇಕು. ಬಾಟ್ಲಿಯ ಮಾತ್ರೆ ಎಣಿಸಿ ನೋಡಿ, ಅಮ್ಮನ ಹತ್ತಿರ ಕೇಳುವುದು ಬೇಡ.

ಖರ್ಚಿನ ವಿಷಯ: "ಪ್ರೊಫೈಲ್" ಅಂತ ಟಿ3, ಟಿ4, ಟಿಎಸ್‌ಎಚ್ ಮೂರನ್ನೂ ಕಟ್ಟಿ ಕೊಡ್ತಾರೆ. ಮಾತ್ರೆ ತಗೊಳ್ಳುವವರಿಗೆ ಟಿ3ಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಟಿಎಸ್‌ಎಚ್, ಎಫ್‌ಟಿ4 ಎರಡೇ ಸಾಕು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.

ಮಂಡ್ಯ ಮುದ್ದೆ
ಎಲೆಕೋಸು, ಹೂಕೋಸು ನಿಲ್ಲಿಸಿ ಮೊದಲು. ನಮ್ಮ ಕಡೆ ಎಲ್ಲಾ ಡಾಕ್ಟ್ರೂ ಅದನ್ನೇ ಹೇಳೋದು. ಬೆಳಗ್ಗೆ ರಾಗಿ ಅಂಬಲಿ ಕೊಡಿ, ಮಾತ್ರೆ ಅದರ ಜೊತೆಗೇ ತಂಪಾಗಿ ಇಳಿಯುತ್ತೆ.

ಹಾಸನದ ಫಾರ್ಮಸಿಸ್ಟ್
ಒಂದೇ ಉಸಿರಲ್ಲಿ ಎರಡು ತಪ್ಪು. ಕೋಸಿನಲ್ಲಿರೋದು ಗ್ರಂಥಿ ಅಯೋಡಿನ್ ಎಳ್ಕೊಳ್ಳೋದನ್ನ ತಡೆಯುತ್ತೆ. ಮಾತ್ರೆಯಲ್ಲಿರೋದು ತಯಾರಾದ ಹಾರ್ಮೋನ್, ಗ್ರಂಥಿಯ ಹಂಗೇ ಇಲ್ಲ. ಬೇಯಿಸಿದ ಪಲ್ಯ ತಿನ್ನಲಿ ಬಿಡಿ. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ, ಮೇಲೆ ನಾರು. ಮಾತ್ರೆ ಜೊತೆ ಕೊಡಬಾರದ ವಸ್ತು ಯಾವುದು ಅಂದರೆ ಅದೇ.

ಮಂಡ್ಯ ಮುದ್ದೆ
ರಾಗಿ ಮೇಲೆ ಕೈ ಹಾಕಬೇಡಿ ಸಾರ್. ನಮ್ಮ ಅಜ್ಜಂದಿರು ರಾಗಿ ತಿಂದೇ ತೊಂಬತ್ತು ಬಾಳಿದ್ದು.

ರಾತ್ರಿ ಮಾತ್ರೆ ಪಕ್ಷ
ನಿಮ್ಮ ಅಜ್ಜ ಲೆವೊಥೈರಾಕ್ಸಿನ್ ತಗೋತಿದ್ರಾ?

ಮಂಡ್ಯ ಮುದ್ದೆ
ಅಜ್ಜನ ಸುದ್ದಿಗೆ ಬರಬೇಡಿ. ರಾತ್ರಿ ಮುದ್ದೆ ಉಂಡರೆ ನಿಮ್ಮ 10:30ರ ಮಾತ್ರೆ ಎಲ್ಲಿಗೆ ಹೋಗುತ್ತೆ ಅದನ್ನ ಹೇಳಿ ಮೊದಲು.

ಹುಬ್ಬಳ್ಳಿ ಅಕ್ಕ
ಗ್ಯಾಸಿನ ಗುಳಿಗಿ ರಾತ್ರಿಗೆ ಹಾಕಿದ್ರ ಮುಗೀತಲ್ಲ? ಅದೊಂದು ಬೆಳಿಗ್ಗಿಯಿಂದ ದೂರ ಆಗ್ತದ.

ಹಾಸನದ ಫಾರ್ಮಸಿಸ್ಟ್
ಮುಗಿಯಲ್ಲ ಅಕ್ಕಾ. ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯನ್ನು ಹಿಡ್ಕೊಳ್ಳುತ್ತೆ, ದೂರ ಇಟ್ಟರೆ ಸಾಕು. ಪ್ಯಾಂಟೊಪ್ರಜೋಲ್ ಕೆಲಸ ಬೇರೆ. ಜಠರದ ಗೋಡೆಯಲ್ಲಿ ಆಮ್ಲ ಸುರಿಸೋ ಪಂಪಿಗೇ ಕಚ್ಚಿಕೊಂಡು ಕೂರುತ್ತೆ, ಬಿಡಲ್ಲ. ಹೊಸ ಪಂಪ್ ಹುಟ್ಟೋ ತನಕ ಆಮ್ಲ ಕಡಿಮೆಯೇ. ಮಾತ್ರೆಯ ಅಂಶ ರಕ್ತದಿಂದ ಕೆಲವೇ ಗಂಟೆಗಳಲ್ಲಿ ಹೋದರೂ ಪರಿಣಾಮ ಒಂದು ದಿನಕ್ಕೂ ಮೀರುತ್ತೆ. ಬೆಳಗ್ಗೆ ಕೊಟ್ಟರೂ ರಾತ್ರಿ ಕೊಟ್ಟರೂ ಥೈರಾಯ್ಡ್ ಮಾತ್ರೆ ಕರಗೋ ಹೊತ್ತಿಗೆ ಹೊಟ್ಟೆಯಲ್ಲಿ ಹುಳಿ ಸಾಲದು. ಅದು ಇನ್ನೂ ಬೇಕೇ ಅನ್ನೋದೊಂದೇ ಕೇಳಬೇಕಾದ್ದು. ಎಷ್ಟೋ ಮನೆಗಳಲ್ಲಿ ಯಾವುದೋ ನೋವಿನ ಮಾತ್ರೆಯ ಜೊತೆ ಹದಿನೈದು ದಿನಕ್ಕೆ ಅಂತ ಬರೆದದ್ದು ವರ್ಷಗಟ್ಟಲೆ ನಡೀತಿರುತ್ತೆ. ವರ್ಷಗಟ್ಟಲೆ ತಗೊಂಡಿದ್ದರೆ ದಿಢೀರ್ ನಿಲ್ಲಿಸಬೇಡಿ, ಆಮ್ಲ ಒಮ್ಮೆಲೇ ಉಕ್ಕಿ ಎದೆ ಉರಿ ಬರುತ್ತೆ. ಡಾಕ್ಟರ ಹತ್ತಿರ ಕೇಳಿ 40ರಿಂದ 20ಕ್ಕೆ ಇಳಿಸಿ ಬಿಡಿಸೋದು ವಾಡಿಕೆ.

ಹೊತ್ತೆಲ್ಲ ಸರಿಯಿದ್ದೂ ಇಳಿಯದಿದ್ದರೆ ಎಚ್. ಪೈಲೊರಿ (ಜಠರದ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. 2006ರಲ್ಲಿ ಇಟಲಿಯಲ್ಲಿ ನೋಡಿದಾಗ ಆ ಸೋಂಕು ಅಥವಾ ಜಠರದ ಒಳಪದರ ಸವೆದ ತೊಂದರೆ ಇದ್ದವರಿಗೆ ಶೇ. 22ರಿಂದ 34 ಹೆಚ್ಚು ಡೋಸ್ ಬೇಕಾಗಿತ್ತು. ಗೋಧಿ ಒಗ್ಗದ ಸೀಲಿಯಾಕ್ ಆಮೇಲೆ ನೋಡೋದು.

ತುಮಕೂರು ಮಗಳು
ಬಾಟಲಿ ಎಣಿಸಿದೆ, ಲೆಕ್ಕ ಸರಿಯಿದೆ. ಎಫ್‌ಟಿ4 ಅಂಚಿಗಿಂತ ಕೆಳಗೇ ಇದೆ. ಗ್ಯಾಸ್ ಮಾತ್ರೆ ಎರಡು ವರ್ಷದ ಹಿಂದೆ ಮಂಡಿನೋವಿಗೆ ಬರೆದದ್ದು, ಮಂಡಿನೋವಿನ ಮಾತ್ರೆ ಯಾವಾಗಲೋ ನಿಂತಿದೆ. ಬಾಟಲಿ ಅಡುಗೆಮನೆ ಒಲೆ ಪಕ್ಕದ ಶೆಲ್ಫಲ್ಲಿ ಇರುತ್ತೆ, ಅದೇನಾದರೂ ತೊಂದರೆಯಾ?

ಕುಡ್ಲದ ಲ್ಯಾಬ್
ತೆಗೀರಿ ಅಲ್ಲಿಂದ. ಬಿಸಿ, ಹಬೆ, ಬೆಳಕು ಮೂರೂ ಆಗುವುದಿಲ್ಲ ಅದಕ್ಕೆ. ಬೆಡ್‌ರೂಮಿನ ಕಪಾಟಿನಲ್ಲಿ ಅದೇ ಬಾಟ್ಲಿಯಲ್ಲಿ ಇಡಿ, ವಾರದ ಡಬ್ಬಕ್ಕೆ ಸುರಿಯಬೇಡಿ. ಎಫ್‌ಟಿ4 ಕೂಡ ಕೆಳಗಿದ್ದರೆ ಫಾರ್ಮಸಿಸ್ಟ್ ಹೇಳಿದ್ದು ಸರಿ, ಮಾತ್ರೆ ಒಳಗೆ ಹೋಗ್ತಾ ಇಲ್ಲ.

ಹುಬ್ಬಳ್ಳಿ ಅಕ್ಕ
ಅಥವಾ ಡೋಸ್ ಸಾಲವಲ್ದು. ಎರಡಕ್ಕೂ ರಿಪೋರ್ಟ್ ಹಿಂಗ ಬರ್ತದ.

ಹಾಸನದ ಫಾರ್ಮಸಿಸ್ಟ್
ಅದಕ್ಕೇ ಅಕ್ಕಾ ಮೊದಲು ಹೊತ್ತು, ಆಮೇಲೆ ಡೋಸ್ ಅಂದಿದ್ದು. ನಾಲ್ಕನೇ ಸಲ ಹೇಳ್ತಿದ್ದೀನಿ.

ಮಂಡ್ಯ ಮುದ್ದೆ
ರಾತ್ರಿ ಪಕ್ಷದವರು ಮುದ್ದೆಗೆ ಇನ್ನೂ ಉತ್ತರ ಕೊಟ್ಟಿಲ್ಲ.