ದೂರದಿಂದ ಕಂಪ್ಯೂಟರ್ ತೆರೆಯುವುದು: ರೂಟರ್, ಫೈರ್‌ವಾಲ್ ಪ್ರಶ್ನೋತ್ತರ

ಸದಸ್ಯ 1: ನಮಸ್ಕಾರ ಸರ್. ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ಫಾರ್ವರ್ಡ್ ಮಾಡಿದ್ದೇನೆ, ಅಂದರೆ ಅಲ್ಲಿಗೆ ಬಂದ ಕರೆ ನನ್ನ ಕಂಪ್ಯೂಟರ್‌ಗೆ ಹೋಗುವಂತೆ. ಮನೆಯೊಳಗೆ ರಿಮೋಟ್ ಡೆಸ್ಕ್‌ಟಾಪ್ ಬರುತ್ತದೆ, ಹೊರಗಿನಿಂದ ಬರುತ್ತಿಲ್ಲ.

ಉತ್ತರ: ನಮಸ್ಕಾರ. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಎಷ್ಟೋ ಮನೆಗಳು ಹಂಚಿಕೊಂಡಿರುತ್ತವೆ, ಹೊರಗಿನ ಕರೆ ನಿಮ್ಮ ರೂಟರ್ ತನಕ ಬರುವುದೇ ಇಲ್ಲ. ಟೈಲ್‌ಸ್ಕೇಲ್‌ನಂಥ ವಿಪಿಎನ್ (ನಿಮ್ಮ ಯಂತ್ರಗಳ ನಡುವಿನ ಖಾಸಗಿ ದಾರಿ) ಹಾಕಿಕೊಳ್ಳಿ. ಫಾರ್ವರ್ಡ್ ಮಾಡಿದ್ದನ್ನು ತೆಗೆದುಬಿಡಿ.

ಸದಸ್ಯ 2: ನನ್ನದು ವಿಂಡೋಸ್ ಹೋಮ್. ಫೈರ್‌ವಾಲ್‌ನಲ್ಲಿ ಏನು ಬದಲಿಸಬೇಕು?

ಉತ್ತರ: ಏನೂ ಬೇಡ. ಹೋಮ್ ಆವೃತ್ತಿಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬರಲು ಆಗುವುದಿಲ್ಲ. ಪ್ರೊ ಬೇಕು.

ಸದಸ್ಯ 3: ಸರ್, ಒಂದು ಫಾರ್ವರ್ಡ್ ಮೆಸೇಜ್ ನೋಡಿ ಫೈರ್‌ವಾಲ್ ಆಫ್ ಮಾಡಿ, ಕಂಪ್ಯೂಟರನ್ನು ಡಿಎಂಜೆಡ್‌ಗೆ ಹಾಕಿದೆ. ಚೆನ್ನಾಗೇ ಕನೆಕ್ಟ್ ಆಗುತ್ತಿತ್ತು. ಈಗ ಪಾಸ್‌ವರ್ಡ್ ಸರಿ ಹಾಕಿದರೂ ಅಕೌಂಟ್ ಲಾಕ್ ಆಗಿದೆ ಅಂತ ಬರುತ್ತದೆ.

ಉತ್ತರ: ಮೊದಲು ಡಿಎಂಜೆಡ್ ತೆಗೆಯಿರಿ. ಈಗಲೇ. ಆಮೇಲೆ ಮುಂದೆ ಓದಿ.

ಡಿಎಂಜೆಡ್ ಅಂದರೆ ರೂಟರ್ ತನಗೆ ಬಂದ ಬೇರೆಲ್ಲ ಕರೆಗಳನ್ನೂ ನಿಮ್ಮ ಕಂಪ್ಯೂಟರ್‌ಗೇ ಕಳಿಸುತ್ತದೆ. ಜೊತೆಗೆ ಫೈರ್‌ವಾಲೂ ಆಫ್. ತಡೆಯುವುದು ಇನ್ನೇನೂ ಉಳಿದಿಲ್ಲ. 3389 ತೆರೆದಿರುವ ಯಂತ್ರಗಳನ್ನು ಹುಡುಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಸಿಕ್ಕರೆ ಪಾಸ್‌ವರ್ಡ್ ಊಹಿಸುತ್ತಾ ಹೋಗುತ್ತವೆ. ಬಹುಶಃ ಅದಕ್ಕೇ ಅಕೌಂಟ್ ಲಾಕ್ ಆಗುತ್ತಿದೆ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸೆಕ್ಯೂರಿಟಿ ಲಾಗ್‌ನಲ್ಲಿ ಈವೆಂಟ್ ನಂಬರ್ ನೋಡಿ. 4625 ಅಂದರೆ ಲಾಗಿನ್ ವಿಫಲ. ಅದು ಸಾಲುಗಟ್ಟಿ ಇರುತ್ತದೆ. ನನಗೆ ಭಯ ಇರುವುದು 4624ರ ಬಗ್ಗೆ, ಅದು ಯಶಸ್ವಿ ಲಾಗಿನ್. ಅದರಲ್ಲಿ ಲಾಗಾನ್ ಟೈಪ್ 10 (ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬಂದದ್ದು) ಇದ್ದು, ಐಪಿ ನಿಮ್ಮದಲ್ಲದಿದ್ದರೆ ಯಾರೋ ಒಳಗೆ ಬಂದಿದ್ದಾರೆ. ನೋಡಿ ತಿಳಿಸಿ, ಕಾಯುತ್ತೇನೆ.

ಮತ್ತೆ ಎಲ್ಲರಿಗೂ: ಆ ಮೆಸೇಜನ್ನು ಇನ್ನು ಯಾರಿಗೂ ಕಳಿಸಬೇಡಿ.

ಸದಸ್ಯ 4: ಅಷ್ಟು ಹೆದರಿಸಬೇಕಾಗಿಲ್ಲ. 3389 ಬದಲು ಬೇರೆ ನಂಬರ್ ಕೊಟ್ಟರೆ ಸಾಕು.

ಸದಸ್ಯ 5: ಸಾಕಾಗಲ್ಲ. ಇರುವುದು 65,535 ಪೋರ್ಟ್. ಎಲ್ಲವನ್ನೂ ಸ್ಕ್ಯಾನ್ ಮಾಡುತ್ತಾರೆ.

ಸದಸ್ಯ 4: ನಾನು ಹಾಗೇ ಇಟ್ಟಿದ್ದೇನೆ, ಏನೂ ಆಗಿಲ್ಲ.

ಸದಸ್ಯ 5: ಲಾಗ್ ತೆರೆದು ನೋಡಿದ್ದೀರಾ? ನೋಡದೇ ಸುಮ್ನೆ ಹೇಳಬೇಡಿ.

ಸದಸ್ಯ 4: ನಿಮ್ಮನ್ನು ಕೇಳಿದವರು ಯಾರು?

ಸದಸ್ಯ 6: ಮ್ಯಾಕ್‌ಗೆ ಇದೇ ದಾರಿನಾ ಸರ್?

ಉತ್ತರ: ಜಗಳ ನಿಲ್ಲಿಸಿ. ಪೋರ್ಟ್ ಬದಲಿಸಿದರೆ ಲಾಗ್‌ನಲ್ಲಿ ಗದ್ದಲ ಕಡಿಮೆಯಾಗುತ್ತದೆ, ಅಷ್ಟೇ. ರಿಮೋಟ್ ಡೆಸ್ಕ್‌ಟಾಪ್‌ನಲ್ಲೇ ಇದ್ದ 2019ರ ಬ್ಲೂಕೀಪ್ ದೋಷದಲ್ಲಿ ಒಳಗೆ ಬರಲು ಪಾಸ್‌ವರ್ಡೇ ಬೇಕಿರಲಿಲ್ಲ. ಮೈಕ್ರೋಸಾಫ್ಟ್ ಹಳೆಯ ವಿಂಡೋಸ್ ಎಕ್ಸ್‌ಪಿಗೂ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಕೊಡಬೇಕಾಯಿತು.

ಸದಸ್ಯ 7: 3389 ಫಾರ್ವರ್ಡ್ ಮಾಡಿದ್ದೇನೆ, ಹೊರಗಿನಿಂದ ಬರುತ್ತಿಲ್ಲ. ಪ್ಲೀಸ್ ಹೆಲ್ಪ್.

ಉತ್ತರ: ಮೊದಲ ಉತ್ತರ ಓದಿ.

ಸದಸ್ಯ 8: ಯುಪಿಎನ್‌ಪಿ ಆನ್ ಮಾಡಿದರೆ ಎಲ್ಲ ತಾನೇ ಸರಿಹೋಗುತ್ತದೆ ಅಂತ ಒಂದು ಫಾರ್ವರ್ಡ್ ಮೆಸೇಜ್ ಬಂದಿದೆ...

ಉತ್ತರ: ಮತ್ತೆ ಫಾರ್ವರ್ಡಾ? ಮೇಲೆ ಅಷ್ಟು ಬರೆದಿದ್ದೇನೆ. ರೂಟರ್‌ನಲ್ಲಿ ಯುಪಿಎನ್‌ಪಿ ಆನ್ ಇದ್ದರೆ ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮನ್ನು ಕೇಳದೆ ಪೋರ್ಟ್ ತೆರೆಯಬಹುದು. ಆಫ್ ಮಾಡಿ.

ಸದಸ್ಯ 3: ಸರ್, 4624 ಇದೆ. ಟೈಪ್ 10, ಗೊತ್ತಿಲ್ಲದ ಐಪಿ. ನಾನು ಮಾಡದ ಒಂದು ಯೂಸರ್ ಅಕೌಂಟೂ ಕಾಣುತ್ತಿದೆ.

ಉತ್ತರ: ನೆಟ್ ಕೇಬಲ್ ಕಿತ್ತುಬಿಡಿ, ವೈಫೈ ಆಫ್ ಮಾಡಿ. ಆ ಯಂತ್ರದಲ್ಲಿ ಯಾವ ಪಾಸ್‌ವರ್ಡೂ ಟೈಪ್ ಮಾಡಬೇಡಿ. ಬೇರೆ ಫೋನ್‌ನಿಂದ ಮೊದಲು ಇಮೇಲ್, ಆಮೇಲೆ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಆ ಅಕೌಂಟ್ ಅಳಿಸಿದರೆ ಸಾಲದು, ವಿಂಡೋಸ್ ಹೊಸದಾಗಿ ಹಾಕಬೇಕು. ಫೋಟೋ, ದಾಖಲೆ ಮಾತ್ರ ಉಳಿಸಿಕೊಳ್ಳಿ, ಪ್ರೋಗ್ರಾಂ ಫೈಲ್ ಬೇಡ. ರೂಟರ್ ಪಾಸ್‌ವರ್ಡೂ ಬದಲಿಸಿ. ಕೇಬಲ್ ತೆಗೆದಿದ್ದೀರಾ? ಅದನ್ನು ಮೊದಲು ಹೇಳಿ.