ಬ್ಲಾಂಕೆಟ್ ಶಾಂಪೇನ್‌ನ ನಕಲಲ್ಲ

ಪ್ರಕಾಶ: (ಫಾರ್ವರ್ಡ್) ಗುಳ್ಳೆ ಬರುವ ವೈನ್ ಕಂಡುಹಿಡಿದವರು ಡೊಮ್ ಪೆರಿನ್ಯಾನ್ ಎಂಬ ಸನ್ಯಾಸಿ. ಶಾಂಪೇನ್ ಬಿಟ್ಟು ಉಳಿದದ್ದೆಲ್ಲ ಅದರ ಅಗ್ಗದ ನಕಲು!

ನಾಗರಾಜ: ಸರಿಯಾದ ಹೊತ್ತಿಗೆ ಹಾಕಿದೆ. ಫೆಬ್ರವರಿಯಲ್ಲಿ ಫ್ರಾನ್ಸಿನ ಟುಲೂಸ್‌ಗೆ ಮಗಳ ಮನೆಗೆ ಹೋಗುತ್ತಿದ್ದೇನೆ. ಅಳಿಯ ಅದೇನೋ ಬ್ಲಾಂಕೆಟ್ ಅಂತ ತಂದಿಟ್ಟಿದ್ದಾನಂತೆ. ಶಾಂಪೇನ್ ಅಲ್ವಾ ಅದು?

ಸುಮಾ: ಅಲ್ಲ ಕಣೋ. ಬ್ಲಾಂಕೆಟ್ ದ ಲಿಮೂ. ನಾನಿರುವ ಟುಲೂಸ್‌ನಿಂದ ಸುಮಾರು 100 ಕಿಲೋಮೀಟರ್ ದೂರದ ಲಿಮೂ ಊರಿನ ಗುಳ್ಳೆ ವೈನ್ ಅದು, ಊರಿರುವುದು ಕಾರ್ಕಸೋನ್ ಕೋಟೆಯ ದಕ್ಷಿಣಕ್ಕೆ. ಪ್ರಕಾಶ, ಆ ಫಾರ್ವರ್ಡ್ ತಪ್ಪು. ಡೊಮ್ ಪೆರಿನ್ಯಾನ್ ಹುಟ್ಟಿದ್ದೇ 1638ರಲ್ಲಿ. ಲಿಮೂ ಪಕ್ಕದ ಸಾಂತಿಲೇರ್ ಮಠದಲ್ಲಿ ಗುಳ್ಳೆ ವೈನ್ 1531ರಲ್ಲೇ ಇತ್ತು ಅಂತ ಅಲ್ಲಿನವರು ಹೇಳುತ್ತಾರೆ.

ಪ್ರಕಾಶ: ಅಲ್ಲಿನವರು ಹೇಳುತ್ತಾರೆ! ಎಲ್ಲಾ ಊರಿನವರೂ ನಾವೇ ಮೊದಲು ಅನ್ನುತ್ತಾರೆ ಸುಮಾ.

ಸುಮಾ: ಒಪ್ಪಿದೆ, ಯಾರು ಮೊದಲು ಅನ್ನುವುದನ್ನು ಬಿಡೋಣ. ನಕಲು ಅಂದದ್ದಕ್ಕೆ ನನಗೆ ಬೇಸರ. ದ್ರಾಕ್ಷಿಯೇ ಬೇರೆ. ಶಾಂಪೇನ್‌ಗೆ ಹೆಚ್ಚಾಗಿ ಶಾರ್ಡೊನೆ, ಪಿನೋ ನ್ವಾರ್, ಮ್ಯೂನಿಯೇ. ಇದಕ್ಕೆ ಕನಿಷ್ಠ ಶೇಕಡಾ 90 ಭಾಗ ಮೋಜಾಕ್ ಅನ್ನುವ ಅಲ್ಲಿನ ಹಳೇ ತಳಿ ಇರಲೇಬೇಕು. ಅದರ ಎಲೆಯ ಅಡಿಯಲ್ಲಿ ಬಿಳಿ ತುಪ್ಪಟ ಇರುತ್ತದೆ, ಅದಕ್ಕೇ ‘ಬೆಳ್ಳಗಿನದು’ ಅನ್ನುವ ಅರ್ಥದ ಬ್ಲಾಂಕೆಟ್ ಹೆಸರು ಬಂತು ಅನ್ನುತ್ತಾರೆ. ಕುಡಿದರೆ ಹಸಿರು ಸೇಬಿನ ರುಚಿ ಮೊದಲು ಬರುತ್ತದೆ. 1938ರಿಂದ ಈ ಹೆಸರಿಗೆ ಕಾನೂನಿನ ರಕ್ಷಣೆಯೂ ಇದೆ.

ಗೀತಾ: ಗುಳ್ಳೆ ಬರುವುದು ಹೇಗೆ? ಸೋಡಾ ಥರ ಗ್ಯಾಸ್ ತುಂಬುತ್ತಾರಾ?

ಸುಮಾ: ಇಲ್ಲ ಗೀತಾ. ಚಳಿಗಾಲದಲ್ಲಿ ನಿಮ್ಮ ಮನೆ ಇಡ್ಲಿ ಹಿಟ್ಟು ಉಬ್ಬದೆ ಹಾಗೇ ಕೂರುತ್ತದಲ್ಲ, ಹಾಗೆಯೇ ದ್ರಾಕ್ಷಿ ರಸದ ಹುಳಿಯುವಿಕೆಯೂ ಚಳಿಗೆ ನಿಂತುಬಿಡುತ್ತಿತ್ತು, ಬಾಟಲಿಗೆ ಹಾಕಿ ಮುಚ್ಚಿದ ಮೇಲೆ ವಸಂತದ ಬಿಸಿಲಿಗೆ ಮತ್ತೆ ಶುರುವಾಗಿ ಗ್ಯಾಸ್ ಒಳಗೇ ಉಳಿಯುತ್ತಿತ್ತು. ಈಗಲೂ ಹಾಗೆ ಮಾಡುವ ಬಗೆಗೆ ‘ಆಂಸೆಸ್ತ್ರಾಲ್’ ಅನ್ನುತ್ತಾರೆ, ಅಂದರೆ ಪೂರ್ವಿಕರ ರೀತಿ. ಪೂರ್ತಿ ಮೋಜಾಕ್, ಸಿಹಿ, ಆಲ್ಕೋಹಾಲ್ ಬರೀ 6-7 ಶೇಕಡಾ. ಇನ್ನೊಂದು ‘ಬ್ರೂಟ್’. ಅದಕ್ಕೆ ಬಾಟಲಿಯಲ್ಲೇ ಸ್ವಲ್ಪ ಸಕ್ಕರೆ, ಯೀಸ್ಟ್ ಹಾಕಿ ಮತ್ತೆ ಹುಳಿಸುತ್ತಾರೆ. ಒಣ ರುಚಿ, ಅಂದರೆ ಸಿಹಿ ಇಲ್ಲದ್ದು, ಆಲ್ಕೋಹಾಲ್ 12ರ ಆಸುಪಾಸು. ನಾಗರಾಜ, ಲೇಬಲ್ ಓದದೆ ತೆಗೆಯಬೇಡ, ಎರಡಕ್ಕೂ ಅಜಗಜಾಂತರ.

ನಾಗರಾಜ: ಐಸ್ ಹಾಕಿಕೊಳ್ಳಬಹುದಾ?

ಸುಮಾ: ಅಯ್ಯೋ ಬೇಡ ಮಾರಾಯ! ಲೋಟಕ್ಕಲ್ಲ, ಬಕೆಟ್‌ಗೆ ಐಸ್ ಹಾಕಿ ನೀರೂ ಸೇರಿಸಿ ಬಾಟಲಿಯನ್ನು ಅರ್ಧ ಗಂಟೆ ಇಡು. 6ರಿಂದ 8 ಡಿಗ್ರಿ ಸಾಕು, ಅದಕ್ಕಿಂತ ತಣ್ಣಗಾದರೆ ಸೇಬಿನ ಘಮವೇ ಸಿಗುವುದಿಲ್ಲ. ತೆಗೆಯುವಾಗ ಕುಲುಕಬೇಡ, ‘ಠಪ್’ ಅನ್ನಿಸುವ ಆಸೆಯೂ ಬೇಡ. ಬಿರಡೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಬಾಟಲಿಯನ್ನು ತಿರುಗಿಸು, ಉಸಿರು ಬಿಟ್ಟ ಹಾಗೆ ಸದ್ದು ಬಂದರೆ ಸರಿಯಾಗಿ ತೆಗೆದೆ ಅಂತ.

ಗೀತಾ: ಜೊತೆಗೆ ತಿನ್ನಲು?

ಸುಮಾ: ಬ್ರೂಟ್ ಊಟಕ್ಕೆ ಮುಂಚೆ, ಮೇಕೆ ಹಾಲಿನ ಚೀಸ್ ಅಥವಾ ಉಪ್ಪು ಹಾಕಿ ಹುರಿದ ಬಾದಾಮಿ ಜೊತೆ. ಸಿಹಿಯದು ಊಟದ ಕೊನೆಗೆ, ಸೇಬಿನ ಟಾರ್ಟ್ ಜೊತೆ. ಎಷ್ಟೋ ಜನ ಇದನ್ನು ಸಿಹಿ ಅಂತ ಕೀಳಾಗಿ ನೋಡುತ್ತಾರೆ, ನನಗೆ ಮಾತ್ರ ಇದೇ ಜಾಸ್ತಿ ಇಷ್ಟ.

ಪ್ರಕಾಶ: ಅಗ್ಗ ಅನ್ನುವುದಂತೂ ನಿಜ ತಾನೇ?

ಸುಮಾ: ನಿಜ, ಶಾಂಪೇನ್‌ಗಿಂತ ತುಂಬಾ ಕಡಿಮೆ ಬೆಲೆ. ಅದಕ್ಕೇ ಅಲ್ಲಿನ ಜನ ಮದುವೆಗೆ ಕಾಯದೆ ಸುಮ್ನೆ ಒಂದು ಭಾನುವಾರವೂ ತೆಗೆಯುತ್ತಾರೆ. ನಾಗರಾಜ, ಫೆಬ್ರವರಿ ಅಂದರೆ ಲಿಮೂ ಕಾರ್ನಿವಲ್ ನಡೆಯುತ್ತಿರುತ್ತದೆ. ಜನವರಿಯಿಂದ ವಾರಾಂತ್ಯಗಳಲ್ಲಿ ಮುಖವಾಡ ಹಾಕಿದ ತಂಡಗಳು ವಾದ್ಯದ ಜೊತೆ ಚೌಕದ ಸುತ್ತ ನಿಧಾನಕ್ಕೆ ಕುಣಿಯುತ್ತಾ ಬರುತ್ತವೆ. ಅಳಿಯನಿಗೆ ಹೇಳಿ ಒಂದು ಶನಿವಾರ ಕರೆದುಕೊಂಡು ಹೋಗು, ಅಲ್ಲೇ ಕಮಾನುಗಳ ಕೆಳಗಿನ ಕೆಫೆಯಲ್ಲಿ ಕೂತು ಒಂದು ಲೋಟ ತಗೋ.

ಪ್ರಕಾಶ: ನನಗೂ ಒಂದು ಬಾಟಲಿ ತಾ ನಾಗರಾಜ. ಕುಡಿದು ನೋಡಿ ಆಮೇಲೆ ಜಗಳ ಮುಂದುವರಿಸುತ್ತೇನೆ.

ಸುಮಾ: ಆಂಸೆಸ್ತ್ರಾಲ್ ತಾ ಅವನಿಗೆ. ಪ್ರಕಾಶ, ವರ್ಷಗಟ್ಟಲೆ ಇಟ್ಟುಕೊಳ್ಳಬೇಡ, ಬಂದ ತಿಂಗಳೇ ತೆಗೆ.